ಮೀಸೆ ಮೇಷ್ಟ್ರು ಮತ್ತು ಎರಡು ಡಬ್ಬಿಗಳು

ನಮ್ಮ ಬೀದಿಯವರು ಯಾವುದರಲ್ಲೂ ಒಮ್ಮತಕ್ಕೆ ಬರುವ ಪೈಕಿ ಅಲ್ಲ. ಆದರೆ ಎರಡು ವಿಷಯದಲ್ಲಿ ಮಾತ್ರ ಯಾರೂ ತಕರಾರು ಎತ್ತುತ್ತಿರಲಿಲ್ಲ. ಒಂದು, ನಾನು ಬಹಳ ಮಾತಾಡುತ್ತೇನೆ. ಇನ್ನೊಂದು, ಶಾಲೆಯ ಲೆಕ್ಕದ ಮೇಷ್ಟ್ರ ಮೀಸೆಯಂಥ ಮೀಸೆ ಸುತ್ತಮುತ್ತ ಎಲ್ಲೂ ಇಲ್ಲ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಕ್ಷೌರದ ಅಂಗಡಿ ಇಟ್ಟವನು ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದರೆ ಗಿರಾಕಿ ನಿದ್ದೆ ಹೋಗುತ್ತಾನೆ, ನಿದ್ದೆ ಹೋದವನ ತಲೆ ಒಂದು ಕಡೆಗೆ ವಾಲುತ್ತದೆ, ಕಿವಿಗೆ ಕತ್ತರಿ ತಾಗಿದರೆ ಬೈಸಿಕೊಳ್ಳಬೇಕಾದವನು ನಾನು. ಎರಡನೆಯದನ್ನು ಎದೆ ತಟ್ಟಿಕೊಂಡು ಒಪ್ಪುತ್ತೇನೆ. ಯಾಕೆಂದರೆ ಆ ಮೀಸೆಗೆ ರೂಪ ಕೊಟ್ಟವರು ನಮ್ಮಪ್ಪ, ಅದನ್ನು ಕಾಪಾಡಿಕೊಂಡು ಬಂದವನು ನಾನು.

ಮಕ್ಕಳು ಅವರನ್ನು ಮೀಸೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ. ಅದು ಅವರಿಗೂ ಗೊತ್ತಿತ್ತು. ಲೆಕ್ಕ ಹೇಳಿಕೊಡುವುದರ ಜೊತೆಗೆ ಬೆಳಿಗ್ಗೆ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸವೂ ಅವರದೇ. ಕೋಲು ಹಿಡಿದವರಲ್ಲ, ಗಟ್ಟಿಯಾಗಿ ಬೈದವರೂ ಅಲ್ಲ. ಗಲಾಟೆ ಹೆಚ್ಚಾದರೆ ಬಲಗೈ ಎತ್ತಿ ಮೀಸೆಯ ತುದಿಯನ್ನು ನಿಧಾನವಾಗಿ ಒಂದು ಸುತ್ತು ತಿರುವುತ್ತಿದ್ದರು. ಅಷ್ಟಕ್ಕೇ ಹಿಂದಿನ ಬೆಂಚಿನವರೆಗೂ ಎಲ್ಲರೂ ಗಪ್‌ಚುಪ್.

ಆ ಮೀಸೆಯಲ್ಲೊಂದು ವಿಶೇಷವಿತ್ತು. ಎಲ್ಲರ ಮೀಸೆ ಮೂಗಿನ ಕೆಳಗೆ ಎರಡು ಪಾಲಾಗಿ ಆ ಕಡೆಗೊಂದು ಈ ಕಡೆಗೊಂದು ಹೋದರೆ, ಇವರದು ಬಲಗಡೆಯಿಂದ ಹೊರಟು ಸೀದಾ ಎಡಗಡೆಗೆ ಬಾಗಿ, ಅಲ್ಲಿ ಕೊನೆಯಲ್ಲಿ ಗತ್ತಿನಿಂದ ಮೇಲೆದ್ದು ನಿಲ್ಲುತ್ತಿತ್ತು. ನೋಡಿದವರಿಗೆ ಅದೇ ಒಂದು ಠೀವಿ. ನಮ್ಮ ಬೀದಿಯ ಹುಡುಗರು ಮೀಸೆ ಚಿಗುರಿದ ಕೂಡಲೇ ಅಂಗಡಿಗೆ ಬಂದು, "ಅಣ್ಣಾ, ಮೇಷ್ಟ್ರ ಕಟ್ ಹಾಕಿ" ಎನ್ನುತ್ತಿದ್ದರು. ಮುಖದ ಮೇಲೆ ಎಣಿಸಲು ನಾಲ್ಕು ಕೂದಲೂ ಇರುತ್ತಿರಲಿಲ್ಲ, ಅದನ್ನೂ ಎಡಕ್ಕೆ ಬಾಚಬೇಕಂತೆ! ಬಾಚುತ್ತಿದ್ದೆ. ಒಳಗೊಳಗೇ ನಗು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಆ ಓರೆ ಎಲ್ಲಿಂದ ಬಂತು ಎಂಬುದು ಆ ಹುಡುಗರಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಮೇಷ್ಟ್ರು ಹುಟ್ಟುವಾಗಲೇ ಅವರ ಮೇಲ್ದುಟಿ ಸೀಳಿತ್ತು. ಮನೆಯಲ್ಲಿ ಬಡತನ, ಹತ್ತಿರದಲ್ಲಿ ಆಸ್ಪತ್ರೆ ಇಲ್ಲ. ಅಂತೂ ಇಂತೂ ದೊಡ್ಡ ಹುಡುಗನಾದ ಮೇಲೆ ಎಲ್ಲೋ ದೂರದ ಧರ್ಮಾಸ್ಪತ್ರೆಯಲ್ಲಿ ಯಾರೋ ಹೊಲಿದರು. ಹೊಲಿದವರು ಅವಸರದಲ್ಲಿದ್ದರೋ ಏನೋ, ತುಟಿ ಎಡಗಡೆ ಮೇಲಕ್ಕೆ ಜಗ್ಗಿಕೊಂಡಂತೆ ಕೂಡಿತು. ಗಾಯದ ಗುರುತಿನ ಮೇಲೆ ಕೂದಲು ಹುಟ್ಟುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರು ಮೂಗಿನ ಕೆಳಗೆ ಕರವಸ್ತ್ರ ಒತ್ತಿಕೊಂಡು ನಮ್ಮ ಅಂಗಡಿಗೆ ಬಂದಾಗ ನಾನಿನ್ನೂ ಅಪ್ಪನ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಅಪ್ಪ ಒಂದು ಸಲ ನೋಡಿದರು. ಏನಾಯಿತು, ಯಾವಾಗ ಆಯಿತು ಎಂದು ಕೇಳಲಿಲ್ಲ. ಕುರ್ಚಿಯನ್ನು ಕನ್ನಡಿಯ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿದರು, ಕನ್ನಡಿಯ ಮೇಲಿನ ದೀಪ ಆರಿಸಿದರು.

"ಬಲಗಡೆ ಉದ್ದಕ್ಕೆ ಬಿಡೋಣ ಸ್ವಾಮಿ. ಅದನ್ನೇ ಎಡಕ್ಕೆ ತಿರುಗಿಸಿ ಕೂರಿಸ್ತೀನಿ. ಮೊದಮೊದಲು ಮಾತು ಕೇಳಲ್ಲ, ಆಮೇಲೆ ಅದಕ್ಕೇ ಅಭ್ಯಾಸ ಆಗುತ್ತೆ" ಎಂದರು.

ಮೇಷ್ಟ್ರು ಹೋದ ಮೇಲೆ ನನ್ನ ಕಡೆ ತಿರುಗಿ, "ನಿನ್ನ ಬಾಯಿ ನನಗೆ ಗೊತ್ತು. ಇಲ್ಲಿ ಕಂಡದ್ದನ್ನ ಕೂದಲ ಜೊತೆ ಗುಡಿಸಿ ಬಿಸಾಕು" ಎಂದರು.

ಅಂದಿನಿಂದ ಅದೇ ಪದ್ಧತಿ. ಭಾನುವಾರ ಬೆಳಿಗ್ಗೆ ಬೇರೆ ಗಿರಾಕಿಗಳು ಬರುವ ಮೊದಲೇ ಮೇಷ್ಟ್ರು ಬರಬೇಕು, ಕುರ್ಚಿ ಗೋಡೆಗೆ ಮುಖ ಮಾಡಬೇಕು, ದೀಪ ಆರಬೇಕು, ಹಿಂದಿನ ಕಿಟಕಿಯ ಬೆಳಕಿನಲ್ಲಿ ನಾನು ಕೆಲಸ ಮುಗಿಸಬೇಕು. ಅಪ್ಪ ತೀರಿಕೊಂಡರು, ಅಂಗಡಿ ನನ್ನದಾಯಿತು, ಮೇಷ್ಟ್ರ ಕೂದಲು ಬೆಳ್ಳಗಾಯಿತು. ಪದ್ಧತಿ ಬದಲಾಗಲಿಲ್ಲ. ಊರ ಗುಟ್ಟನ್ನೆಲ್ಲ ಊರಿಗೇ ಹಂಚಿದ ಈ ಬಾಯಿಂದ ಅದೊಂದು ಮಾತ್ರ ಹೊರಗೆ ಬೀಳಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ ಎಂದರೆ ನೀವೇ ಯೋಚಿಸಿ.

ಹೀಗಿರುವಾಗ ಶಾಲೆಗೆ ಒಬ್ಬರು ಡಾಕ್ಟರಮ್ಮ ಬಂದರು. ರಸ್ತೆ ಕೂಡ ಸರಿಯಾಗಿಲ್ಲದ ಬಡ ದೇಶಗಳಿಗೆ ಹೋಗಿ, ತುಟಿ ಸೀಳಿ ಹುಟ್ಟಿದ ಮಕ್ಕಳಿಗೆ ಕಾಸು ತೆಗೆದುಕೊಳ್ಳದೆ ಆಪರೇಷನ್ ಮಾಡುವ ತಂಡದವರಂತೆ. ಚಿತ್ರಗಳನ್ನು ತೋರಿಸಿದರು. ಆ ಮಕ್ಕಳಿಗೆ ಹಾಲು ಕುಡಿಯುವುದೂ ಕಷ್ಟ, ಎಷ್ಟೋ ಕಡೆ ಅವರನ್ನು ಶಾಲೆಗೂ ಕಳಿಸುವುದಿಲ್ಲ ಎಂದರು. ದೊಡ್ಡ ಟೀಚರಿಗೆ ಮನಸ್ಸು ಕರಗಿತು. ಈ ವರ್ಷ ನಮ್ಮ ಶಾಲೆ ಆ ಮಕ್ಕಳಿಗಾಗಿ ಹಣ ಕೂಡಿಸಲಿ, ಹೇಗೆ ಎಂದು ನೀವೇ ಹೇಳಿ ಎಂದು ಮಕ್ಕಳನ್ನು ಕೇಳಿದರು.

ಕೇಳಿದ್ದೇ ತಪ್ಪಾಯಿತು. ಹಳೇ ಪುಸ್ತಕ ಮಾರೋಣ ಎಂದರು ಕೆಲವರು. ಬೀದಿಯ ಗಾಡಿಗಳನ್ನೆಲ್ಲ ತೊಳೆಯೋಣ ಎಂದರು ನೀರಾಟ ಇಷ್ಟವಿದ್ದವರು. ಒಂದು ದಿನ ಪೂರ್ತಿ ಬಾಯಿ ಮುಚ್ಚಿಕೊಂಡು ಇರುತ್ತೇವೆ, ಅದಕ್ಕೆ ಅಪ್ಪ ಅಮ್ಮ ದುಡ್ಡು ಕೊಡಲಿ ಎಂದವನಿಗೆ ಟೀಚರುಗಳೇ, ನಾವೂ ಕೊಡುತ್ತೇವೆ, ದಿನಾ ಕೊಡುತ್ತೇವೆ ಎಂದರಂತೆ. ಆಗ ಎದ್ದು ನಿಂತದ್ದು ಎರಡು ಜಡೆಯ ಹುಡುಗಿ. ಮೇಷ್ಟ್ರಿಗೆ ಬಹಳ ಅಚ್ಚುಮೆಚ್ಚಿನವಳು, ಲೆಕ್ಕದಲ್ಲಿ ಚುರುಕು.

"ಎರಡು ಡಬ್ಬಿ ಇಡೋಣ. ಒಂದು 'ಇರಲಿ', ಒಂದು 'ಹೋಗಲಿ'. ಮೇಷ್ಟ್ರ ಮೀಸೆ ಇರ್ಬೇಕು ಅನ್ನೋರು ಇದಕ್ಕೆ ಹಾಕ್ಲಿ, ಹೋಗ್ಬೇಕು ಅನ್ನೋರು ಅದಕ್ಕೆ. ಹೋಗಲಿ ಗೆದ್ರೆ ಸ್ಟೇಜ್ ಮೇಲೆ ಬೋಳಿಸೋಣ. ಯಾವ್ದು ಗೆದ್ರೂ ದುಡ್ಡೆಲ್ಲ ಆ ಮಕ್ಕಳಿಗೇ!"

ಇಡೀ ಶಾಲೆ ಕೂಗಿಕೊಂಡು ಎದ್ದು ನಿಂತಿತು. ದೊಡ್ಡ ಟೀಚರ್ ನಗುತ್ತಾ ಮೇಷ್ಟ್ರ ಕಡೆ ನೋಡಿದರು. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕು, ಆ ಕಾರಣ ಮೀಸೆಯ ಕೆಳಗಿತ್ತು. ಮೇಷ್ಟ್ರು ತಲೆಯಾಡಿಸಿಬಿಟ್ಟರು.

ಇಷ್ಟನ್ನೂ ನನಗೆ ಹೇಳಿದ್ದು ಎರಡು ಜಡೆಯೇ. ಒಳಗಿರುವುದು ಹೊರಗೆ ಕಾಣುವಂಥ ಎರಡು ಪ್ಲಾಸ್ಟಿಕ್ ಡಬ್ಬಿಗಳನ್ನು ತಂದು ನನ್ನ ಕನ್ನಡಿಯ ಪಕ್ಕದ ಹಲಗೆಯ ಮೇಲೆ, ಪೌಡರ್ ಡಬ್ಬದ ಬದಿಗೆ ಇಟ್ಟು, "ಅಂಕಲ್, ನಿಮ್ಮ ಅಂಗಡಿಗೇ ಎಲ್ರೂ ಬರೋದು. ಮೀಸೆ ಬೋಳಿಸೋದೂ ನೀವೇ" ಎಂದಳು. ಎರಡು ಡಬ್ಬಿಯ ಮೇಲೂ ಒಂದೇ ಫೋಟೋ ಅಂಟಿಸಿತ್ತು. ತುಟಿ ಸೀಳಿದ ಒಂದು ಮಗು.

ಭಾನುವಾರ ಮೇಷ್ಟ್ರು ಬಂದರು. ಕುರ್ಚಿ ತಿರುಗಿಸಿದೆ, ದೀಪ ಆರಿಸಿದೆ.

"ಮಕ್ಕಳು ನಗ್ತಾರೆ ಅಂತ ನನಗೆ ಹೆದರಿಕೆ ಇಲ್ಲಪ್ಪ. ನಕ್ರೆ ಮೀಸೆ ತಿರುವಿ ಸುಮ್ಮನಾಗಿಸ್ತೀನಿ, ಅಂದ್ರೆ... ಮೀಸೆ ಇದ್ರೆ" ಎಂದು ತಾವೇ ಸಣ್ಣಗೆ ನಕ್ಕರು. ಆಮೇಲೆ ಹೇಳಿದರು: "ಅಯ್ಯೋ ಪಾಪ ಅಂತಾರಲ್ಲ, ಅದಕ್ಕೆ ಹೆದರಿಕೆ. ಚಿಕ್ಕವನಿದ್ದಾಗ ಬೇಕಾದಷ್ಟು ಕೇಳಿದೀನಿ. ಪಾಪ ಅಂತ ನೋಡೋ ಮಕ್ಕಳ ಮುಂದೆ ನಿಂತು ನಾನು ಹೇಗೆ ಪಾಠ ಮಾಡ್ಲಿ?"

"ಬೇಡ ಅಂತ ಹೇಳ್ಬಿಡಿ ಮೇಷ್ಟ್ರೇ."

"ಆ ಮಕ್ಕಳ ಹೆಸರಲ್ಲಿ ಕೇಳಿದಾರೆ. ನಾನೇ ಬೇಡ ಅನ್ನೋದಾ?" ಕೈಗಳನ್ನು ಬಟ್ಟೆಯ ಕೆಳಗಿಂದ ಹೊರಗೆಳೆದು ನನ್ನ ಮಣಿಕಟ್ಟು ಹಿಡಿದುಕೊಂಡರು. "ನೀನು ಇಷ್ಟು ವರ್ಷ ಮಾತಾಡಿದೀಯಲ್ಲ, ಈಗ ಸ್ವಲ್ಪ ನನಗೋಸ್ಕರ ಮಾತಾಡು. 'ಇರಲಿ' ಗೆಲ್ಲೋ ಹಾಗೆ ನೋಡ್ಕೋ."

ನನ್ನ ಬಾಯಿಗೆ ಒಬ್ಬರು ಕೆಲಸ ಕೊಟ್ಟದ್ದು ಅದೇ ಮೊದಲು. ಬಿಡುತ್ತೇನೆಯೇ? ಅಂದಿನಿಂದ ಅಂಗಡಿಗೆ ಕಾಲಿಟ್ಟವರಿಗೆಲ್ಲ ಅದೇ ಪಾರಾಯಣ. ಮೀಸೆ ನಮ್ಮ ಬೀದಿಯ ಆಸ್ತಿ ಎಂದೆ. ಮೀಸೆ ಹೋದರೆ ಶಾಲೆಯ ಶಿಸ್ತೇ ಹೋಯಿತು ಎಂದೆ. 'ಇರಲಿ'ಗೆ ಹಾಕಿದವರಿಗೆ ಪುಕ್ಕಟೆ ತಲೆ ಮಾಲೀಶು ಮಾಡಿದೆ, 'ಹೋಗಲಿ'ಗೆ ಹಾಕಿದವರ ಕುತ್ತಿಗೆಗೆ ತಣ್ಣೀರು ಚಿಮುಕಿಸಿದೆ. ಮೇಷ್ಟ್ರ ಕಟ್ಟಿನ ಹುಡುಗರೆಲ್ಲ ನನ್ನ ಪಕ್ಷ ಸೇರಿದರು. ಅವರ ಮೀಸೆಯ ಮಾನದ ಪ್ರಶ್ನೆಯೂ ಇತ್ತಲ್ಲ.

ಆದರೆ ಎದುರು ಪಕ್ಷಕ್ಕೂ ಒಬ್ಬ ಮುಖಂಡ ಹುಟ್ಟಿಕೊಂಡ. ಎದುರುಗಡೆಯ ಬೇಕರಿಯವನು. ಅವನೂ ಮೇಷ್ಟ್ರ ಕೈಯಲ್ಲೇ ಕಲಿತವನು. "ಏಳರ ಮಗ್ಗಿ ತಪ್ಪಿದ್ದಕ್ಕೆ ಬೆಂಚ್ ಮೇಲೆ ನಿಲ್ಸಿ ಮೀಸೆ ತಿರುವಿದ್ರು ನೋಡು, ಇವತ್ತಿಗೂ ಕನಸಲ್ಲಿ ಬರುತ್ತೆ. ಹೋಗಲಿ ಅದು!" ಎಂದು ಅಂಗಡಿಯ ಚಿಲ್ಲರೆಯನ್ನೆಲ್ಲ ತಂದು ಸುರಿದ. ನಾನು ರೇಗಿದೆ. ಅವನೂ ರೇಗಿದ. ಅವನು ಹಾಕಿದ ಎಂದು ನಮ್ಮವರು ಹಾಕಿದರು, ನಮ್ಮವರು ಹಾಕಿದರು ಎಂದು ಅವನ ಗಿರಾಕಿಗಳು ಹಾಕಿದರು. ಎರಡು ಡಬ್ಬಿಯೂ ಕಂಠಮಟ್ಟ ತುಂಬಿ, ಎರಡು ಜಡೆ ಬಂದು ಖಾಲಿ ಮಾಡಿಕೊಂಡು ಹೋಗಿ ಮತ್ತೆ ಇಡುತ್ತಿದ್ದಳು. ಯಾವುದು ಮುಂದಿದೆ ಎಂದು ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದು ಹೋಗುತ್ತಿದ್ದಳು. ಮೀಸೆ ಉಳಿಸುವ ನನ್ನ ಹುಮ್ಮಸ್ಸಿನಲ್ಲಿ ಆ ದೂರದ ಮಕ್ಕಳಿಗೆ ಚೆನ್ನಾಗಿಯೇ ಲಾಭವಾಗುತ್ತಿತ್ತು.

ಒಂದೇ ಒಂದು ತೊಡಕಿತ್ತು. ಕುರ್ಚಿಯ ಮೇಲೆ ಕೂತವರ ಕಣ್ಣಿಗೆ ಆ ಫೋಟೋ ನೇರವಾಗಿ ಬೀಳುತ್ತಿತ್ತು. ಕೆಲವರು ಮುಖ ಕಿವುಚಿಕೊಂಡು, "ಅಯ್ಯೋ ಪಾಪ, ನೋಡಕ್ಕಾಗಲ್ಲಪ್ಪ. ಬೆಳಬೆಳಿಗ್ಗೆ ಯಾಕೆ, ಅದನ್ನ ಆ ಕಡೆ ತಿರುಗಿಸು" ಎನ್ನುತ್ತಿದ್ದರು. ತಿರುಗಿಸಿದೆ. ಎರಡು ಡಬ್ಬಿಯ ಫೋಟೋಗಳನ್ನೂ ಗೋಡೆಯ ಕಡೆಗೆ ಮಾಡಿಟ್ಟೆ. ಆ ಮಗುವಿಗೂ ಒಂದು ಮರ್ಯಾದೆ ಎಂದುಕೊಂಡೆ. ನನ್ನ ಕೈಗೆ ಗೊತ್ತಿದ್ದ ಮರ್ಯಾದೆ ಅದೊಂದೇ.

ಕೊನೆಯ ದಿನದ ಸಂಜೆ ಎರಡು ಜಡೆ ಬಾಗಿಲ ಮೇಲೆ ಬರೆದು ಹೋದಳು: ಇರಲಿ ಮುಂದಿದೆ, ಕೂದಲೆಳೆಯಷ್ಟು. ನನಗೆ ಕುಣಿದಾಡುವಷ್ಟು ಖುಷಿ. ಬೇಕರಿಯವನಿಗೆ ಕೇಳಿಸುವಂತೆ ಸೀಟಿ ಹೊಡೆಯುತ್ತಾ ನೆಲ ಗುಡಿಸುತ್ತಿದ್ದೆ. ಮೇಷ್ಟ್ರು ಒಳಗೆ ಬಂದರು.

"ಗೆದ್ದೆವು ಮೇಷ್ಟ್ರೇ! ಇನ್ನು ಡಬ್ಬಿ ಮುಚ್ಚೋದೊಂದೇ ಬಾಕಿ."

ಅವರ ಮುಖ ಅರಳಿತು. ದೊಡ್ಡದೊಂದು ಉಸಿರು ಬಿಟ್ಟು ಬೆಂಚಿನ ಮೇಲೆ ಕೂತರು. ಡಬ್ಬಿಗಳನ್ನು ನೋಡಿದರು. "ಫೋಟೋ ಅಂಟಿಸಿತ್ತಲ್ಲ, ಎಲ್ಲಿ?"

"ಆ ಕಡೆ ತಿರುಗಿಸಿಟ್ಟಿದೀನಿ. ಗಿರಾಕಿಗಳಿಗೆ ನೋಡಕ್ಕಾಗಲ್ಲ ಅಂತ..." ಅಷ್ಟು ಹೇಳುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡೆ. ಮಾತು ಆಗಲೇ ಹೊರಗೆ ಬಿದ್ದಿತ್ತು.

ಮೇಷ್ಟ್ರು ಎದ್ದು ಹೋಗಿ ಡಬ್ಬಿಗಳನ್ನು ಒಂದೊಂದಾಗಿ ಈ ಕಡೆಗೆ ತಿರುಗಿಸಿದರು. ಪೊರಕೆ ಹಿಡಿದು ನಿಂತೇ ಇದ್ದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಆಪರೇಷನ್‌ಗೆ ಹೋಗೋವಾಗ ಬಸ್ಸಲ್ಲಿ ಅಮ್ಮ ದಾರಿಯುದ್ದಕ್ಕೂ ನನ್ನ ಮುಖಕ್ಕೆ ಟವೆಲ್ ಹೊದಿಸಿದ್ಲು" ಎಂದರು, ಫೋಟೋ ನೋಡುತ್ತಲೇ. "ಸೆಖೆ. ಕಿಟಕಿ ಹತ್ರ ಕೂತಿದ್ರೂ ಹೊರಗೆ ಏನಿದೆ ಅಂತ ನೋಡ್ಲಿಲ್ಲ ನಾನು. ಪ್ರೀತಿಗೇ ಮುಚ್ಚಿದ್ಲು, ಜನ ಏನಾದ್ರೂ ಅಂದಾರು ಅಂತ. ನಿಮ್ಮಪ್ಪ ಕುರ್ಚಿ ತಿರುಗಿಸಿದ್ದೂ ಪ್ರೀತಿಗೇ. ನೀನೂ ಅಷ್ಟೇ, ನನಗೆ ಗೊತ್ತಿಲ್ವಾ? ಆದ್ರೆ ಈ ಮಗು ನೋಡು. ನೇರ ನೋಡ್ತಾ ಇದೆ. ಇದಕ್ಕೆ ಯಾರೂ ಇನ್ನೂ ಟವೆಲ್ ಹೊದಿಸಿಲ್ಲ."

ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದರು. 'ಇರಲಿ'ಗೆ ಹಾಕಲೆಂದೇ ತಂದದ್ದು ಎಂದು ನನಗೆ ಅನ್ನಿಸಿತು. 'ಹೋಗಲಿ'ಗೆ ಹಾಕಿದರು. ಒಂದು ನೋಟು ಡಬ್ಬಿಯ ಬಾಯಿಯಲ್ಲಿ ಸಿಕ್ಕಿಕೊಂಡಾಗ ಬೆರಳಿನಿಂದ ಒಳಕ್ಕೆ ತಳ್ಳಿದರು.

"ನಾಳೆ ಕತ್ತಿ ಚೆನ್ನಾಗಿ ಮಸೆದು ತಗೊಂಡು ಬಾ" ಎಂದು ಹೊರಟುಹೋದರು. ನಾನು ಬಾಗಿಲ ಮೇಲಿನ ಬರಹ ಅಳಿಸುವುದನ್ನೂ ಮರೆತು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನಿಜ ಹೇಳುತ್ತೇನೆ, ಕಣ್ಣೀರಿಟ್ಟೆ.

ಆ ನೋಟುಗಳಿಂದ 'ಹೋಗಲಿ' ಗೆದ್ದಿತು. ಮರುದಿನ ಶಾಲೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಕರಿಯವನು ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ಮೇಷ್ಟ್ರ ಹೆಂಡತಿ ಬಾಗಿಲ ಬಳಿ ನಿಂತಿದ್ದರು, ಕೂರಲು ಒಪ್ಪಲಿಲ್ಲ. ನಾನು ವೇದಿಕೆಯ ಮೇಲೆ ಕುರ್ಚಿ ಇಟ್ಟು, ಮೇಷ್ಟ್ರನ್ನು ಕೂರಿಸಿ ಬಟ್ಟೆ ಹೊದಿಸಿ, ನೊರೆ ಕಲಸಲು ಶುರು ಮಾಡಿದೆ. ಕೆಳಗೆ ಮಕ್ಕಳೆಲ್ಲ ಹೋ ಎಂದರು.

"ಅಂಕಲ್, ನಮಗೆ ಮೇಷ್ಟ್ರ ಬೆನ್ನು ಮಾತ್ರ ಕಾಣಿಸ್ತಿದೆ!" ಎಂದು ಕೂಗಿದಳು ಎರಡು ಜಡೆ.

ನೋಡಿದರೆ ಹೌದು. ಕುರ್ಚಿಯನ್ನು ಪರದೆಗೆ ಮುಖ ಮಾಡಿ ಇಟ್ಟಿದ್ದೆ. ಇಷ್ಟು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮಾಡಿತ್ತು. ನಾನು ಬೆಪ್ಪನಂತೆ ನಿಂತಿರುವಾಗ ಮೇಷ್ಟ್ರು ಎದ್ದು, ತಾವೇ ಕುರ್ಚಿಯನ್ನು ಮಕ್ಕಳ ಕಡೆಗೆ ತಿರುಗಿಸಿಕೊಂಡು ಕೂತರು. "ಶುರು ಮಾಡು" ಎಂದರು.

ಮೊದಲು ಕತ್ತರಿ, ಆಮೇಲೆ ನೊರೆ, ಆಮೇಲೆ ಕತ್ತಿ. ಆ ತುಟಿಯ ಏರು ತಗ್ಗು ನನಗೆ ನನ್ನ ಅಂಗೈಯಷ್ಟೇ ಪರಿಚಯ. ಬಲಗಡೆಯ ಉದ್ದ ಕೂದಲು ಬಿದ್ದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಒದ್ದೆ ಬಟ್ಟೆಯಿಂದ ನೊರೆ ಒರೆಸಿ ನಾನು ಪಕ್ಕಕ್ಕೆ ಸರಿದಾಗ ಚಪ್ಪಾಳೆ ಅರ್ಧಕ್ಕೇ ನಿಂತಿತು.

ಎರಡು ಜಡೆಯ ಕೈ ಅವಳ ಬಾಯಿಗೆ ಹೋಯಿತು. ಬೇಕರಿಯವನು ತಲೆ ತಗ್ಗಿಸಿದ. ಎಲ್ಲಿ ಯಾರಾದರೂ 'ಅಯ್ಯೋ ಪಾಪ' ಅಂದಾರೋ ಎಂದು ನಾನು ಸಾಲು ಸಾಲನ್ನೂ ದಿಟ್ಟಿಸಿದೆ.

ಮೇಷ್ಟ್ರು ಎದ್ದು ನಿಂತರು. ತರಗತಿಯಲ್ಲಿ ಮಾತಾಡುವ ಅದೇ ದನಿಯಲ್ಲಿ ಹೇಳಿದರು: "ಡಬ್ಬಿ ಮೇಲಿನ ಮಗುಗೆ ಆಪರೇಷನ್ ತಡ ಆದ್ರೆ, ದೊಡ್ಡದಾದ ಮೇಲೆ ಹೀಗೆ ಕಾಣುತ್ತೆ. ಬೇಗ ಆದ್ರೆ ಇದಕ್ಕಿಂತ ಚೆನ್ನಾಗಿ ಕಾಣುತ್ತೆ. ನೀವು ಕೂಡಿಸಿದ್ದು ಆ ಬೇಗಕ್ಕೆ. ಅರ್ಥ ಆಯ್ತಾ?"

"ಆಯ್ತು ಮೇಷ್ಟ್ರೇ" ಎಂದಿತು ಇಡೀ ಶಾಲೆ, ಸಣ್ಣಗೆ.

ಮುಂದೆ ನೆಲದ ಮೇಲೆ ಕೂತಿದ್ದ ಚಿಕ್ಕ ತರಗತಿಯ ಒಂದು ಮಗು ಕೇಳಿತು, "ನೋವಾಗಿತ್ತಾ ಮೇಷ್ಟ್ರೇ?"

"ಆಗಿತ್ತು. ಆದ್ರೆ ನಿಮ್ಮ ಉತ್ತರಪತ್ರಿಕೆ ತಿದ್ದೋವಾಗ ಆಗುವಷ್ಟಲ್ಲ."

ನಗೆ ಸ್ಫೋಟಿಸಿತು. ಹಿಂದಿನವರು ಬೆಂಚು ಬಡಿದರು, ಯಾರೋ ಸೀಟಿ ಹೊಡೆದರು, ಗಲಾಟೆಯೋ ಗಲಾಟೆ. ಮೇಷ್ಟ್ರ ಬಲಗೈ ಅಭ್ಯಾಸಬಲದಿಂದ ಮೇಲೆದ್ದು ಮೀಸೆಯ ತುದಿಯನ್ನು ಹುಡುಕಿತು. ಅಲ್ಲಿ ಮೀಸೆ ಇರಲಿಲ್ಲ. ಎರಡು ಬೆರಳು ಬರೀ ಗಾಳಿಯನ್ನು ಹಿಡಿದು ಒಂದು ಸುತ್ತು ತಿರುವಿದವು. ಇಡೀ ಸಭಾಂಗಣ ಹಿಂದಿನ ಬೆಂಚಿನವರೆಗೂ ಗಪ್‌ಚುಪ್ಪಾಯಿತು. ಬೇಕರಿಯವನು ನೆಟ್ಟಗೆ ಕೂತ. ಮೇಷ್ಟ್ರು ತಮ್ಮ ಬೆರಳುಗಳನ್ನು ನೋಡಿಕೊಂಡರು, ಮಕ್ಕಳನ್ನು ನೋಡಿದರು, ನಕ್ಕುಬಿಟ್ಟರು. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅಂದೇ. ಬಾಗಿಲ ಬಳಿ ಅವರ ಹೆಂಡತಿ ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಆರಾಮವಾಗಿ ಕೂತರು.

ಆ ವಾರವೆಲ್ಲ ನನಗೆ ಪುರುಸೊತ್ತಿಲ್ಲ. ಮೇಷ್ಟ್ರ ಕಟ್ಟಿನ ಹುಡುಗರು ಒಬ್ಬೊಬ್ಬರಾಗಿ ಬಂದು, "ಅಣ್ಣಾ, ಇದನ್ನೂ ತೆಗೆದುಬಿಡಿ" ಎಂದರು. ಬೇಕರಿಯವನು ಬನ್ನು ಕಟ್ಟಿಕೊಂಡು ಬಂದು, "ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದ. ಬನ್ನು ತಿಂದೆ. ಮನೆಯಲ್ಲಿ ಹೆಂಡತಿ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಇಷ್ಟು ವರ್ಷ ಅವಳಿಂದ ಒಂದು ವಿಷಯ ಮುಚ್ಚಿಟ್ಟೆ ಎಂಬುದಕ್ಕಿಂತ, ಮುಚ್ಚಿಡಲು ನನಗೆ ಬರುತ್ತದೆ ಎಂಬುದೇ ಅವಳಿಗೆ ದೊಡ್ಡ ಚಿಂತೆ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬರಲಿಲ್ಲ. ಅಂಗಡಿ ತುಂಬಿದ ಮೇಲೆ, ಎಲ್ಲರೂ ಬರುವ ಹೊತ್ತಿಗೆ ಬಂದು, ಬೆಂಚಿನ ಮೇಲೆ ತಮ್ಮ ಸರದಿಗೆ ಕಾದರು. ಯಾರೋ ಜಾಗ ಬಿಟ್ಟುಕೊಡಲು ಹೋದರೆ ಬೇಡವೆಂದರು. ಸರದಿ ಬಂದಾಗ ಅಭ್ಯಾಸದಂತೆ ದೀಪ ಆರಿಸಿದೆ, ನನ್ನ ಕೈ ಕುರ್ಚಿಯ ಬೆನ್ನಿಗೆ ಹೋಯಿತು, ಅಲ್ಲೇ ನಿಂತಿತು.

"ಇರಲಿ, ಹೀಗೇ" ಎಂದು ಕೂತರು, ಕನ್ನಡಿಗೆ ಮುಖ ಮಾಡಿ. "ಚೂರು ಚುಚ್ಚುತ್ತೆ, ಪೂರ್ತಿ ನುಣ್ಣಗೆ ಮಾಡು."

ಮಾಡಿದೆ. ಪಟಿಕದ ಕಲ್ಲು ಉಜ್ಜಿ, ಮುಖ ಒರೆಸಿ, ಬಟ್ಟೆ ಬಿಚ್ಚಲು ಹೋದರೆ ಅವರು ಏಳಲಿಲ್ಲ. ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡುತ್ತಿದ್ದರು. ಗಾಯದ ಗುರುತಿನ ಈಚೆಗೆ, ಬಲಗಡೆಯ ತುಟಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಸವರಿದರು. ಇಷ್ಟು ವರ್ಷ ಉದ್ದ ಕೂದಲು ಹೊತ್ತುಕೊಂಡಿದ್ದ ಜಾಗ ಅದು, ಅದರಲ್ಲೇನೂ ಊನವಿರಲಿಲ್ಲ.

"ನೋಡು" ಎಂದರು ಮೆಲ್ಲಗೆ. "ಈ ಕಡೆಯದು ನಮ್ಮಮ್ಮನ ತುಟಿ. ಹಾಗೇ ಇದೆ. ಇಷ್ಟು ದಿನ ನಾನು ನೋಡೇ ಇಲ್ಲ."

ಬೆಂಚಿನ ಮೇಲೆ ಗಿರಾಕಿಗಳು ಕಾಯುತ್ತಿದ್ದರು. ಕೈ ಚಾಚಿ ಕನ್ನಡಿಯ ಮೇಲಿನ ದೀಪ ಹಾಕಿದೆ.